ಭದ್ರಾವತಿವರೆಗೆ ಸರಾಗವಾಗಿ

ಇದು ನಿಜವಾಗಿ ನಡೆದ ಕತೆ. ಸರಿಯಾಗಿ ಹೇಳಬೇಕೆಂದರೆ ತುಳಿದ ಕತೆ. ನಡೆದದ್ದು ಮಾಚೇನಹಳ್ಳಿಯಿಂದಾಚೆಗೆ ಮಾತ್ರ, ಅದೂ ವಿಷ್ಣುಪ್ರಸಾದ ಒಬ್ಬನೇ, ಸೈಕಲ್ ತಳ್ಳಿಕೊಂಡು.

ತೊಂಬತ್ತಾರನೇ ಇಸವಿಯ ಡಿಸೆಂಬರ್. ಡಿಗ್ರಿ ಓದುತ್ತಿದ್ದ ಐವರು ಹುಡುಗರು ಶಿವಮೊಗ್ಗದಿಂದ ಮೈಸೂರಿಗೆ ಸೈಕಲ್ಲಿನಲ್ಲಿ ಹೊರಟಿದ್ದರು. ಮೊದಲ ದಿನದ ಗುರಿ ಕಡೂರು. ವಿಷ್ಣುಪ್ರಸಾದನಿಗೆ ಮಾತ್ರ ಭದ್ರಾವತಿಯೇ ಗುರಿ. ಚಿಕ್ಕಂದಿನಲ್ಲಿ ಅವನಿಗೆ ಉಬ್ಬಸವಿತ್ತು. ಎಂಟನೇ ಕ್ಲಾಸಿನ ನಂತರ ಅದು ಅವನನ್ನು ಬಿಟ್ಟಿತ್ತು, ಅವನ ಅಪ್ಪನನ್ನು ಬಿಟ್ಟಿರಲಿಲ್ಲ. ಸಂಸ್ಕೃತ ಮೇಷ್ಟ್ರು ನರಸಿಂಹಮೂರ್ತಿಗಳು ಮಗನ ಆಟ, ಈಜು, ಎನ್‌ಸಿಸಿ ಎಲ್ಲವನ್ನೂ ಅದರ ಹೆಸರಿನಲ್ಲೇ ನಿಲ್ಲಿಸಿದ್ದರು. ಈ ಸಲ ಅವನು ಊಟ ಬಿಟ್ಟು ಕೂತಿದ್ದರಿಂದ ಒಂದು ಕರಾರಿಗೆ ಇಳಿದಿದ್ದರು.

"ಭದ್ರಾವತಿವರೆಗೆ ಸರಾಗವಾಗಿ ಹೋಗು. ಅಲ್ಲಿಂದ ಫೋನ್ ಮಾಡಿ ಇದ್ದದ್ದು ಇದ್ದಂಗೆ ಹೇಳು. ಆಯ್ತು ಅಂದ್ರೆ ಇನ್ನು ಯಾವುದಕ್ಕೂ ನಾನು ಅಡ್ಡ ಬರಲ್ಲ. ಆಗ್ಲಿಲ್ಲ ಅಂದ್ರೆ ನೀನೂ ಇನ್ನು ಕೇಳಬಾರದು."

ಹಿಂದಿನ ಸಂಜೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಎಲ್ಲರ ಸೈಕಲ್ಲಿಗೂ ಎಣ್ಣೆ ಬಿಟ್ಟವನು ಐವರಲ್ಲೊಬ್ಬನಾದ ರುದ್ರೇಶ್. ಪ್ರಿನ್ಸಿಪಾಲರಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಯಾರ ದನಿಯನ್ನಾದರೂ ತೆಗೆಯಬಲ್ಲವನು. ಎಣ್ಣೆಯೇನೋ ಧಾರಾಳವಾಗಿಯೇ ಬಿದ್ದಿತ್ತು. ಆದರೂ ಬೆಳಿಗ್ಗೆ ತುಂಗೆಯ ಸೇತುವೆ ದಾಟುವಾಗಲೇ ವಿಷ್ಣುಪ್ರಸಾದನಿಗೆ ಪೆಡಲ್ ಭಾರವೆನಿಸಿತು. ಚಳಿಗಿರಬೇಕೆಂದುಕೊಂಡ. ಮಲವಗೊಪ್ಪ ಬರುವಷ್ಟರಲ್ಲಿ ಉಳಿದವರು ಕಣ್ಣಿಗೇ ಬೀಳದಷ್ಟು ಮುಂದಿದ್ದರು. ಸಮತಟ್ಟು ರಸ್ತೆಯಲ್ಲೂ ಅವನು ಏರು ಹತ್ತುವವನಂತೆ ಎದ್ದು ನಿಂತು ತುಳಿಯುತ್ತಿದ್ದ. ತುಳಿಯುತ್ತಲೇ ತನ್ನ ಎದೆಗೆ ಕಿವಿಗೊಟ್ಟ. ಉಬ್ಬಸದ ಸಿಳ್ಳು ಕೇಳಿಸಲಿಲ್ಲ. ಇನ್ನೇನು ಕೇಳಿಸುತ್ತದೆ ಎಂಬ ಭಯ ಕೇಳಿಸಿತು.

ರುದ್ರೇಶ್ ಹಿಂದಕ್ಕೆ ತಿರುಗಿಸಿಕೊಂಡು ಬಂದ. ಮೂಗಿನಲ್ಲೊಂದಿಷ್ಟು, ಗಂಟಲಿನಲ್ಲೊಂದಿಷ್ಟು, ಥೇಟು ನರಸಿಂಹಮೂರ್ತಿಗಳದೇ ದನಿ.

"ಪ್ರಸಾದೂ, ನಿನ್ನ ದೇಹಪ್ರಕೃತಿ ಇಂಥದ್ದಕ್ಕಲ್ಲ ಕಣಪ್ಪ."

ವಿಷ್ಣುಪ್ರಸಾದ ನಕ್ಕ. ಆ ಗುಂಪಿನಲ್ಲಿ ಗೇಲಿಗೆ ಸಿಕ್ಕವನು ನಗಲೇಬೇಕಿತ್ತು. ಮುಖ ಊದಿಸಿಕೊಂಡವನಿಗೆ ಅಡ್ಡಹೆಸರು ಬಿದ್ದರೆ ಡಿಗ್ರಿ ಮುಗಿದರೂ ಹೋಗುತ್ತಿರಲಿಲ್ಲ. ರುದ್ರೇಶ್ ಸರ್ರನೆ ಮುಂದೆ ಹೋದ. ಮಾಚೇನಹಳ್ಳಿ ದಾಟಿದ ಮೇಲೆ ತೊಡೆ ನಡುಗಿ, ವಿಷ್ಣುಪ್ರಸಾದ ಕೆಳಗಿಳಿದು ತಳ್ಳತೊಡಗಿದ.

ಭದ್ರಾವತಿ ಬಸ್‌ಸ್ಟ್ಯಾಂಡಿನೆದುರಿನ ಹೋಟೆಲಿನಲ್ಲಿ ನಾಲ್ವರೂ ಎರಡನೇ ಸಲ ಇಡ್ಲಿ ಹೇಳಿದ್ದರು. ತಂಡದ ಲೀಡರ್ ರೇಣುಕಾಪ್ರಸಾದ್ ವಾಚು ನೋಡಿಕೊಂಡ.

"ನಿನ್ ಕೈಲಿ ಆಗುತ್ತೇನೋ ಮಾರಾಯ? ಇನ್ನೂ ಇಪ್ಪತ್ತು ಕಿಲೋಮೀಟರ್ ಆಗಿಲ್ಲ. ಕತ್ತಲಾಗೋದ್ರೊಳಗೆ ಕಡೂರು ಮುಟ್ಟಬೇಕು."

ವಿಷ್ಣುಪ್ರಸಾದ ಪಕ್ಕದ ಎಸ್‌ಟಿಡಿ ಬೂತಿಗೆ ಹೋದ. ಇದ್ದದ್ದು ಇದ್ದಂತೆ ಹೇಳಿದ.

"ಆಗ್ಲಿಲ್ಲಪ್ಪ."

"ಅಲ್ಲೇ ಇರು, ಬಂದೆ," ಎಂದರು ಅಪ್ಪ. ಆ ದನಿಯಲ್ಲಿ ಬೈಗುಳವಿರಲಿಲ್ಲ, ನೆಮ್ಮದಿಯಿತ್ತು. ಬೈದಿದ್ದರೇ ವಾಸಿಯಿತ್ತು.

ಸಿಕ್ಕ ಬಸ್ಸು ಹತ್ತಿ ಬಂದ ಮೇಷ್ಟ್ರು, ಅಲ್ಲಿಯವರೆಗೆ ಅವನ ಜೊತೆ ಕಾದಿದ್ದ ನಾಲ್ವರ ಕಣ್ಣೆದುರೇ ಮಗನ ಕುತ್ತಿಗೆಗೆ ಮಫ್ಲರ್ ಸುತ್ತಿದರು. ಶಿವಮೊಗ್ಗದ ಬಸ್ಸಿನ ಕ್ಲೀನರ್ ಸೈಕಲ್ಲನ್ನು ಟಾಪಿಗೆ ಎಳೆದುಕೊಂಡು ಹಗ್ಗ ಬಿಗಿದ. ಹೋಟೆಲಿನ ಮೆಟ್ಟಿಲ ಮೇಲೆ ಕೂತಿದ್ದ ರುದ್ರೇಶ್ ಎದ್ದು ಬಂದ.

"ಸಾರ್, ಅವನ ತಪ್ಪೇನಿಲ್ಲ. ನಿನ್ನೆ ಎಣ್ಣೆ ಬಿಡೋವಾಗ ಹಿಂದಿನ ಚಕ್ರದ ಕೋನ್ ಟೈಟ್ ಮಾಡಿಬಿಟ್ಟಿದ್ದೆ, ತಮಾಷೆಗೆ. ಹಾಗ್ ಮಾಡಿದ್ರೆ ಚಕ್ರ ತಿರುಗೋದೇ ಕಷ್ಟ. ತಿಂಡಿ ತಿಂದು ಲೂಸ್ ಮಾಡೋಣ ಅಂತಿದ್ದೆ. ಅಷ್ಟರಲ್ಲಿ ಇವನು ಫೋನ್ ಮಾಡಿದ್ದಾನೆ. ಆಮೇಲೆ ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ."

ಅದು ಅವನ ಸ್ವಂತ ದನಿ. ಅಷ್ಟು ಸಣ್ಣದೆಂದು ಯಾರಿಗೂ ಗೊತ್ತಿರಲಿಲ್ಲ.

ನರಸಿಂಹಮೂರ್ತಿಗಳು ಅವನ ಬೆನ್ನು ತಟ್ಟಿದರು.

"ನೀನೇ ಅಲ್ವಾ ಮಿಮಿಕ್ರಿ ಮಾಡೋನು? ಗೆಳೆಯನ ಮಾನ ಉಳಿಸೋಕೆ ತಪ್ಪನ್ನ ಮೈಮೇಲೆ ಹಾಕ್ಕೊಳ್ತಿದ್ದೀಯ. ದೊಡ್ಡ ಗುಣ ಕಣಪ್ಪ. ಆದ್ರೆ ಅವನೇ ಆಗಲ್ಲ ಅಂತ ಹೇಳಿದಾನೆ. ನನ್ನ ಮಗ ಸುಳ್ಳು ಹೇಳಲ್ಲ."

"ಸತ್ಯವಾಗ್ಲೂ ಸಾರ್. ಬೇಕಾದ್ರೆ ಸೈಕಲ್ ಕೆಳಗಿಳಿಸಿ ನೋಡಿ."

"ಆಯ್ತು, ಆಯ್ತು. ಇವನ ದೇಹಪ್ರಕೃತಿ ಇಂಥದ್ದಕ್ಕಲ್ಲ. ನೀವು ಹುಷಾರಾಗಿ ಹೋಗಿಬನ್ನಿ."

ರುದ್ರೇಶ್ ಬೆಳಿಗ್ಗೆ ರಸ್ತೆಯಲ್ಲಿ ಆಡಿದ್ದ, ಇಡ್ಲಿ ತಿನ್ನುತ್ತಾ ಉಳಿದವರಿಗೂ ಆಡಿ ತೋರಿಸಿದ್ದ ಅದೇ ಮಾತು. ರೇಣುಕಾಪ್ರಸಾದನಿಗೆ ತಡೆಯಲಾಗದೆ ನಗು ಬಂತು, ಉಳಿದವರಿಗೂ ಅಂಟಿತು. ರುದ್ರೇಶ್ ನಗಲಿಲ್ಲ. ಅವನು ಬಸ್ಸಿನ ಮೆಟ್ಟಿಲಿನ ಮೇಲೆ ನಿಂತಿದ್ದ ವಿಷ್ಣುಪ್ರಸಾದನ ಮುಖವನ್ನೇ ನೋಡುತ್ತಿದ್ದ.

ವಿಷ್ಣುಪ್ರಸಾದ ನಕ್ಕ. ಎಲ್ಲರಿಗಿಂತ ಜೋರಾಗಿ, ಬಸ್ಸಿನೊಳಗಿದ್ದವರೆಲ್ಲ ತಿರುಗಿ ನೋಡುವಂತೆ, ಕಂಬಿ ಹಿಡಿದುಕೊಂಡು ಬಗ್ಗಿ ನಕ್ಕ.

"ಸಾಕು, ಸಾಕು. ಹಾಗೆ ನಗಬೇಡ, ಉಬ್ಬಸ ಬರುತ್ತೆ," ಎಂದರು ಅಪ್ಪ.

ಬಸ್ಸು ಹೊರಟ ಮೇಲೂ ಅವನ ನಗು ನಿಲ್ಲಲಿಲ್ಲ. ಎದೆಯಲ್ಲಿ ಒಂದು ಸಿಳ್ಳೂ ಏಳಲಿಲ್ಲ.