ಅಮ್ಮನ ಮಂಚದ ಕೆಳಗಿನ ಮಾಲು

ಕೀಟನಾಶಕ ತಪಾಸಣೆಯ ಅಧಿಕಾರಿಯಾಗಿ ಸ್ವಂತ ಊರಿಗೇ ಬಂದವಳಿಗೆ ದೊಡ್ಡ ಪೀಕಲಾಟವೆಂದರೆ ಅವಳ ಸೋದರಮಾವ. ಅವನದು ಬೆಳೆಗೆ ಹೊಡೆಯುವ ಔಷಧಿಯ ಅಂಗಡಿ. ಇಲಾಖೆಯ ಜೀಪು ತಿರುವಿನಲ್ಲಿ ಕಂಡರೆ ಸಾಕು, ಪೇಟೆಯ ಉಳಿದ ಔಷಧಿ ಅಂಗಡಿಯವರಿಗೆಲ್ಲ ಒಟ್ಟಿಗೇ ಹಸಿವಾಗಿ, ಬಾಗಿಲೆಳೆದು ಊಟಕ್ಕೆ ಹೊರಟುಬಿಡುತ್ತಿದ್ದರು. ಮಾವ ಮಾತ್ರ ಎದೆಯುಬ್ಬಿಸಿಕೊಂಡು ಕೂತಿರುತ್ತಿದ್ದ.

"ಹುಡುಕಮ್ಮ ಸಾಹೇಬ್ರೇ! ಅವಧಿ ಮುಗಿದ ಒಂದೇ ಒಂದು ಡಬ್ಬಿ ಸಿಕ್ಕಿದ್ರೆ ಮೀಸೆ ಬೋಳಿಸ್ಕೋತೀನಿ."

ಹುಡುಕಿದಳು. ಏನೂ ಸಿಗಲಿಲ್ಲ. ಖುಷಿಯಾಗುವ ಬದಲು ಅನುಮಾನವಾಯಿತು. ಹೋದ ಸಲ ಬಂದಾಗ ಹಳೆಯ ಡಬ್ಬಿಗಳನ್ನು ಕಂಡು, ಬೇರೆ ಇಟ್ಟು ಕಂಪನಿಗೆ ವಾಪಸ್ ಕಳಿಸು ಎಂದು ಅವಳೇ ಹೇಳಿದ್ದಳು. ಮಾವನೋ, ಹೇಳಿದ ಮಾತು ಕೇಳುವ ಜಾತಿಯಲ್ಲ.

ಮನೆಗೆ ಬಂದರೆ ಅಮ್ಮ ತಲೆ ಹಿಡಿದುಕೊಂಡು ಕೂತಿದ್ದಳು. "ಹೊಸ ಕನ್ನಡಕ ಒಗ್ಗುತ್ತಿಲ್ಲ ಕಣೆ. ಒಂದೇ ಸಮ ತಲೆಸುತ್ತು."

ದಿಂಬು ತರಲು ಅಮ್ಮನ ಕೋಣೆಗೆ ಹೋದವಳು ಬಾಗಿಲಲ್ಲೇ ನಿಂತಳು. ಆ ಘಾಟು ಅವಳಿಗೆ ಗೊತ್ತಿತ್ತು. ಬಗ್ಗಿ ನೋಡಿದರೆ ಮಂಚದ ಕೆಳಗೆ ಮಾವನ ಅಂಗಡಿಯ ಪೆಟ್ಟಿಗೆಗಳು, ಒಂದು ಸೋರುತ್ತಿತ್ತು. ಅಮ್ಮನನ್ನು ಎಬ್ಬಿಸಿ ಜಗಲಿಗೆ ತಂದು ಕೂರಿಸಿದಳು, ಕಿಟಕಿಗಳನ್ನೆಲ್ಲ ತೆಗೆದಳು. ಪಕ್ಕದ ಬೀದಿಯ ಡಾಕ್ಟರು ಬಂದು, ಸದ್ಯ ಭಯವಿಲ್ಲ, ಗಾಳಿಯಲ್ಲೇ ಇರಲಿ ಎಂದು ಹೋದರು. ಆಮೇಲೆ ಮೇಲಧಿಕಾರಿಗೊಂದು, ಮಾವನಿಗೊಂದು ಫೋನು ಮಾಡಿದಳು.

ಮಾವ ಬೀಗುತ್ತಲೇ ಬಂದ. "ಸಿಕ್ಕಿಬಿಡ್ತಾ? ಇನ್‌ಸ್ಪೆಕ್ಟರ್ ಮನೇನ ಯಾರು ತಪಾಸಣೆ ಮಾಡ್ತಾರೆ ಅಂತ ಇಲ್ಲಿಟ್ಟೆ. ಅಕ್ಕನಿಗೆ ಹಳೇ ಸಾಮಾನು ಅಂದಿದ್ದೆ. ತಲೆ ಅಂದ್ರೆ ಹೀಗಿರ್ಬೇಕು!"

"ನಾನೇ ಮಾಡ್ತೀನಿ ಮಾವ." ಅವಳು ಜಪ್ತಿಯ ಮಹಜರು ಬರೆಯತೊಡಗಿದಳು. "ಮಾಲು ಅಮ್ಮನ ಮನೇಲಿ ಸಿಕ್ಕಿದೆ, ಅಮ್ಮನ ಹೆಸರು ಬರ್ಕೋಬೇಕು. ನಂದು ಅಂತ ಬೇರೆಯವರು ಒಪ್ಕೊಂಡ್ರೆ ಅವರದ್ದು. ಲೈಸೆನ್ಸೂ ಅವರದ್ದೇ ಹೋಗುತ್ತೆ."

ಮಾವ ತನ್ನ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಆ ಅಂಗಡಿ ಬಿಟ್ಟರೆ ಅವನಿಗೆ ಬೇರೆ ಬದುಕಿರಲಿಲ್ಲ.

"ಕೊಡೇ ಇಲ್ಲಿ, ನಾನೇ ಸೈನ್ ಹಾಕ್ತೀನಿ," ಎಂದಳು ಅಮ್ಮ. "ಪಾಪ, ಅವನಿನ್ನೂ ಚಿಕ್ಕೋನು."

ಚಿಕ್ಕೋನಿಗೆ ಮೀಸೆಯೆಲ್ಲ ನೆರೆತಿತ್ತು. ಹುಟ್ಟಿದಾಗಿನಿಂದ ಅವನು ತಿನ್ನಬೇಕಾದ ಬೈಗುಳವನ್ನೆಲ್ಲ ಅಕ್ಕನೇ ತಿಂದಿದ್ದಳು. ಈಗಲೂ ಪೆನ್ನು ಹಿಡಿದಳು. ಕಾಗದವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಎಲ್ಲಿ ಹಾಕ್ಬೇಕೇ? ಗೆರೆ ಎರಡೆರಡು ಕಾಣ್ತಿದೆ."

"ನಿನ್ನ ಡಬ್ಬಿ ಸೋರಿದ ಘಾಟು ಮಾವ ಅದು," ಎಂದಳು ಮಗಳು. ಮಾವ ಆಗ ಅಕ್ಕನ ಮುಖ ನೋಡಿದ. ಎಲ್ಲ ಬೀಗುವಿಕೆಯೂ ಇಳಿದುಹೋಯಿತು. ಪೆನ್ನು ಕಿತ್ತುಕೊಂಡ.

"ಬಿಡಕ್ಕಾ. ಮಾಲು ನಂದು. ಬರ್ಕೊಳಮ್ಮ, ನಂದು ಅಂತ್ಲೇ ಬರ್ಕೋ."

ಸೈನ್ ಹಾಕಿ ಅಕ್ಕನ ಪಕ್ಕ ಕುಸಿದು ಕೂತ.

"ಅಯ್ಯೋ ಹುಚ್ಚಪ್ಪ, ಅಂಗಡಿ ಮುಚ್ಚಿದ್ರೆ ನಾಳೆಯಿಂದ ಏನೋ ಮಾಡ್ತೀಯ?"

"ಮೊದ್ಲು ನಿನ್ನ ಕೋಣೆ ತೊಳೀತೀನಿ," ಎಂದ ಮಾವ, ಬಿಕ್ಕಿ ಬಿಕ್ಕಿ ಅಳುತ್ತಾ.