ಯಾರಿಗೂ ಹೇಳದ ಸೂತಕ

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ವೆಜ್ ಹೋಟೆಲು ನಡೆಸುವ ಮುರಾರಿ ರಾಯರ ಮಗ ಸಾತ್ವಿಕ ಹೆಸರಿಗೆ ತಕ್ಕ ಹುಡುಗ. ಇರುವೆ ಕಚ್ಚಿದರೂ ಊದಿ ಓಡಿಸುವನೇ ಹೊರತು ಹೊಸಕುವವನಲ್ಲ. ಬೇಲಾಪುರದ ಆಫೀಸಿನಿಂದ ಬೈಕಿನಲ್ಲಿ ಬರುವಾಗ, ದಿವಾದ ಹತ್ತಿರ ಮೈಮೇಲೆ ರಿಕ್ಷಾ ಹಾದು ಸೊಂಟ ಮುರಿದುಕೊಂಡ ನಾಯಿಯೊಂದನ್ನು ಎತ್ತಿ ತಂದ. ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡುವುದೇ ಪುಣ್ಯ ಎಂದ ಡಾಕ್ಟರನ ಮೇಲೆ ಹರಿಹಾಯ್ದ.

"ನಡೀಲಿಕ್ಕೆ ಬರೂದಿಲ್ಲ ಅಂತ ಕೊಲ್ಲೂದಾ? ಜೀವ ಅಂದ್ರೆ ಜೀವವೇ!"

ನಾಯಿಗೆ ಚಿಂಗಿ ಎಂದು ಹೆಸರಾಯಿತು, ಸೊಂಟಕ್ಕೆ ಎರಡು ಚಕ್ರದ ಗಾಡಿಯಾಯಿತು. ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕಿದ್ದೇ ತಡ, ಊರಿಗೆಲ್ಲ ಸಾತ್ವಿಕ ದೇವರಾದ. ಅದರ ಹೇಲು ಉಚ್ಚೆ ಬಳಿದವಳು ಮಾತ್ರ ತಾಯಿ ಸುಗುಣಾ. ಗೊಣಗಿಕೊಂಡೇ ಬಳಿದಳು. ಆದರೂ ಇಂಥ ಮಗನನ್ನು ಹೆತ್ತೆನಲ್ಲ ಎಂದು ಒಳಗೊಳಗೇ ಹಿಗ್ಗಿದಳು.

ಅದೇ ವರ್ಷ ಸಾತ್ವಿಕನ ಹೆಂಡತಿ ತನ್ವಿ ಬಸುರಾದಳು. ಐದು ತಿಂಗಳು ತುಂಬುವ ತನಕ ಸುದ್ದಿ ಹೊರಗೆ ಬಿಡಬಾರದು, ಕಣ್ಣು ಬೀಳುತ್ತದೆ ಎಂಬುದು ಸುಗುಣಾಳ ತವರಿನ ಕಟ್ಟಳೆ. ಹಾಗಾಗಿ ಬಿಲ್ಡಿಂಗಿನಲ್ಲಿ ಒಂದು ನರಪಿಳ್ಳೆಗೂ ಹೇಳಲಿಲ್ಲ. ಮುಚ್ಚಿಟ್ಟದ್ದು ಮಗುವಿನ ಒಳ್ಳೆಯದಕ್ಕೆ. ಅದು ಅನುಕೂಲವಾದದ್ದು ಬೇರೆಯವರಿಗೆ.

ನಾಲ್ಕು ತಿಂಗಳು ಕಳೆದ ಮೇಲೆ ಥಾಣೆಯ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಯಾಯಿತು. ಮಗುವಿಗೆ ಡೌನ್ ಸಿಂಡ್ರೋಮ್ ಇದೆ, ಬುದ್ಧಿ ನಿಧಾನ, ಬೇಡವೆಂದಾದರೆ ಈಗಲೇ ಹೇಳಿ ಎಂದರು. ತನ್ವಿ ಅಡುಗೆಮನೆಗೆ ಬಂದು ಅತ್ತೆಯ ಸೆರಗು ಹಿಡಿದುಕೊಂಡಳು.

"ಅತ್ತೆ, ಇಟ್ಟುಕೊಂಡ್ರೆ ನೀವು ನೋಡಿಕೊಳ್ತೀರಾ?"

"ನಾನಿದ್ದೇನಲ್ಲ ಮಗಾ. ಬುದ್ಧಿ ಇದ್ದವರೆಲ್ಲ ಯಾವ ಲೋಕ ಉದ್ಧಾರ ಮಾಡಿದ್ದಾರೆ? ನಗ್ತದೆ, ಉಣ್ತದೆ, ಅಜ್ಜಿ ಅಂತದೆ. ನನಗೆ ಅಷ್ಟು ಸಾಕು."

ಬಾಗಿಲಲ್ಲಿ ನಿಂತಿದ್ದ ಸಾತ್ವಿಕ ಒಳಗೆ ಬಂದ. "ನೀನು ಎಷ್ಟು ವರ್ಷ ಇರ್ತಿ ಅಮ್ಮಾ? ಪ್ರಾಕ್ಟಿಕಲ್ ಆಗು. ಅದನ್ನು ಹುಟ್ಟಿಸಿ ನರಳಿಸೂದು ಪಾಪ."

"ಚಿಂಗಿಯನ್ನು ಸಾಕುವಾಗ ಈ ಮಾತು ಎಲ್ಲಿ ಹೋಗಿತ್ತು? ಅದಕ್ಕೆ ನಡೀಲಿಕ್ಕೇ ಬರೂದಿಲ್ಲ."

"ಕಂಪೇರ್ ಮಾಡ್ಬೇಡ. ನಾಯಿ ನಮಗಿಂತ ಮೊದಲು ಸಾಯ್ತದೆ. ಇದು ಸಾಯೂದಿಲ್ಲ."

ಸುಗುಣಾ ಗಂಡನ ಮುಖ ನೋಡಿದಳು. ಗಿರಾಕಿಗಳೊಂದಿಗೆ ಹಗಲಿಡೀ ವಾದಿಸುವ ಮುರಾರಿ ರಾಯರು ಈಗ "ಅವರ ಮಗು, ಅವರ ಇಷ್ಟ" ಎಂದಷ್ಟೇ ಹೇಳಿ ಹೋಟೆಲಿಗೆ ಹೊರಟರು. ಎರಡು ದಿನ ಕಳೆಯುವುದರೊಳಗೆ ತನ್ವಿಯೂ ತಲೆಯಾಡಿಸಿದಳು. ಸೋಮವಾರ ಆಸ್ಪತ್ರೆಗೆ ಹೋಗಿ ಬುಧವಾರ ಬರಿಗೈಯಲ್ಲಿ ಬಂದರು. ತನ್ವಿಗೆ ವೈರಲ್ ಜ್ವರ ಎಂದು ಬಿಲ್ಡಿಂಗಿನವರಿಗೆ ಹೇಳಿದರು.

ಆ ವಾರವೇ ಜನವರಿ ಇಪ್ಪತ್ತಾರು. ಆ ದಿನ ಬಿಲ್ಡಿಂಗಿನ ಸೊಸೈಟಿಯಲ್ಲಿ ಪ್ರತಿವರ್ಷದಂತೆ ಸತ್ಯನಾರಾಯಣ ಪೂಜೆ. ಈ ಸಲ ಜೀವದಯೆಯ ಸಾತ್ವಿಕನಿಗೆ ಶಾಲು, ತೆಂಗಿನಕಾಯಿ ಕೊಟ್ಟು ಸತ್ಕಾರ. ಪೆಂಡಾಲಿನಲ್ಲಿ ಚಿಂಗಿಯೂ ಕುತ್ತಿಗೆಗೆ ಚೆಂಡುಹೂವಿನ ಹಾರ ಹಾಕಿಕೊಂಡು ಕೂತಿತ್ತು. ಅದರದ್ದೇನು ತಪ್ಪು, ಪಾಪ. ಚೇರ್ಮನ್ ರಮಾಕಾಂತ ಮೈಕಿನಲ್ಲಿ ಭಾಷಣ ಬಿಗಿದು, ಮೊದಲು ಹೆತ್ತ ತಾಯಿ ಆರತಿ ಎತ್ತಲಿ ಎಂದು ಕರೆದ. ಪಕ್ಕದ ಮನೆಯ ಲೋಲಾಕ್ಷಿ ಹರಿವಾಣ ತಂದು ಮುಂದೆ ಹಿಡಿದಳು. ಸುಗುಣಾ ಕೈ ಹಿಂದಕ್ಕೆ ಎಳೆದುಕೊಂಡಳು.

"ನಾನು ಮುಟ್ಟಬಾರದು. ನಮಗೆ ಸೂತಕ."

"ಏ, ಸುಮ್ನಿರು ಮಾರಾಯ್ತಿ!" ಮುರಾರಿ ರಾಯರು ಹಲ್ಲು ಕಚ್ಚಿದರು.

ಲೋಲಾಕ್ಷಿ ಗಾಬರಿಯಾದಳು. "ಊರಲ್ಲಿ ಯಾರಾದ್ರೂ ಹೋದ್ರಾ ಸುಗುಣಕ್ಕ?"

"ಊರಲ್ಲಲ್ಲ, ಇಲ್ಲೇ. ನನ್ನ ಮೊಮ್ಮಗು."

ಬಸುರೇ ಗೊತ್ತಿಲ್ಲದ ಲೋಲಾಕ್ಷಿ ಏನು ಕೇಳಬೇಕೋ ತಿಳಿಯದೆ, "ಗಂಡಾ, ಹೆಣ್ಣಾ?" ಎಂದಳು.

"ಅದನ್ನು ಹೇಳೂದು ಅಪರಾಧ ಅಂತ ಆಸ್ಪತ್ರೆ ಗೋಡೆ ಮೇಲೆ ದೊಡ್ಡದಾಗಿ ಬರೆದಿತ್ತು. ಕೊಲ್ಲುವ ವಿಷಯ ಎಂತದೂ ಬರೆದಿರಲಿಲ್ಲ."

ಮೈಕ್ ಚಾಲೂ ಇತ್ತು. ಸಾತ್ವಿಕ ಶಾಲು ಹೊದ್ದುಕೊಂಡೇ "ಅಮ್ಮಾ" ಎಂದ. ಸುಗುಣಾ ಅವನ ಕಡೆ ನೋಡಲೇ ಇಲ್ಲ. ಹೆಂಗಸರ ಸಾಲಿನಿಂದ ತನ್ವಿ ಎದ್ದು ಬಂದಳು. ಆಸ್ಪತ್ರೆಯಿಂದ ಬಂದಮೇಲೆ ಒಂದು ಹನಿ ಕಣ್ಣೀರು ಹಾಕದವಳು, ಈಗ ಅತ್ತೆಯ ತೋಳಿಗೆ ಮುಖವೊತ್ತಿ ಜೋರಾಗಿ ಅತ್ತಳು.

"ನನಗೂ ಸೂತಕ ಅತ್ತೆ," ಎಂದಳು.