ಸೀಲು ಬಿದ್ದ ಬಾಗಿಲು

"ಏನ್ರೇ, ಬಾಣಂತಿಯರ ಥರ ಕಾಲೆಳೀತಿದ್ದೀರಾ! ಹಡಗು ನಿಮ್ಮಪ್ಪಂದಾ, ನಿಮಗೋಸ್ಕರ ಕಾಯ್ತಾ ನಿಂತಿರೋಕೆ?"

ಸೂಪರ್‌ವೈಸರನ ಬಾಯಿ ಬೆಳಗಿನಿಂದ ಮುಚ್ಚಿರಲಿಲ್ಲ. ಲಾರಿಯ ಮೇಲಿನ ಕಂಟೇನರು ಬಿಸಿಲಿಗೆ ಕಾದ ಹೆಂಚಾಗಿತ್ತು. ಅದರೊಳಗೆ ಅತ್ತಿಗೆ ಪೆಟ್ಟಿಗೆಗಳನ್ನು ಎದೆಗೊತ್ತಿ ತಳ್ಳುತ್ತಿದ್ದಳು. ಜೊತೆಗೇ ದುಡಿಯುವ ನಾದಿನಿ ಕರೆಯುವುದನ್ನು ಕೇಳಿ ಕೇಳಿ ಗೋದಾಮಿಗೆಲ್ಲ ಅವಳು ಅತ್ತಿಗೆಯೇ.

ಸಮುದ್ರದ ಕುಲುಕಾಟಕ್ಕೆ ಮಾಲು ಜಜ್ಜದಂತೆ ಪೆಟ್ಟಿಗೆಗಳ ನಡುವೆ ಗಾಳಿಚೀಲ ತುರುಕಬೇಕು. ಅದಕ್ಕಾಗಿ ಒಬ್ಬಳು ಪೆಟ್ಟಿಗೆಗಳ ಮೇಲೆ, ಸೂರಿನ ಕೆಳಗಿನ ಇಕ್ಕಟ್ಟಿನಲ್ಲಿ ಹೊಟ್ಟೆ ಹೊಸೆದುಕೊಂಡು ಕೊನೆಯವರೆಗೆ ತೆವಳಬೇಕು. ಇವತ್ತು ಅತ್ತಿಗೆಯ ಸರದಿ. ಬೆಳಿಗ್ಗೆ ನಲ್ಲಿಯ ಹತ್ತಿರ ಜಗಳವಾಡಿ ಮಾತು ಬಿಟ್ಟಿದ್ದ ನಾದಿನಿ ಅವಳನ್ನು ಪಕ್ಕಕ್ಕೆ ನೂಕಿದಳು.

"ಸರಿಯೇ ಆಕಡೆ. ನಿನ್ನ ಸೊಂಟ ಅಲ್ಲಿ ಸಿಕ್ಕಾಕ್ಕೊಂಡ್ರೆ ನಮ್ಮಣ್ಣಂಗೆ ಏನು ಹೇಳ್ಲಿ? ಹೆಂಡ್ತೀನ ಹಡಗು ಹತ್ತಿಸ್ಬಿಟ್ಟೆ ಅಂತಲಾ?" ಎನ್ನುತ್ತ ತಾನೇ ಪೆಟ್ಟಿಗೆಗಳ ಮೇಲೆ ಹತ್ತಿದಳು.

ಬಂದ ನಗುವನ್ನು ಅತ್ತಿಗೆ ನುಂಗಿಕೊಂಡಳು. ಅಷ್ಟು ಬೇಗ ಸೋಲುವುದು ಬೇಡವೆನಿಸಿತು.

ಮುಂದಿನ ಲಾರಿಗೆ ಹತ್ತುವ ಹಲಗೆ ತರಲು ಹೋದ ಅತ್ತಿಗೆ ಮರಳುವಷ್ಟರಲ್ಲಿ ಬಾಗಿಲು ಮುಚ್ಚಿ, ಕೊಂಡಿಗೆ ಕಬ್ಬಿಣದ ಸೀಲು ಬಿದ್ದಿತ್ತು. ಪೆಟ್ಟಿಗೆಯ ಮೇಲೆ ಹೆಜ್ಜೆ ಗುರುತು ಕಂಡರೆ ಮಾಲು ವಾಪಸಾಗುತ್ತದೆಂದು ಹೆಂಗಸರೆಲ್ಲ ಚಪ್ಪಲಿ ಕಳಚಿಯೇ ಒಳಗೆ ಹೋಗುತ್ತಿದ್ದರು. ಬಾಗಿಲ ಮುಂದೆ ಒಂದು ಜೊತೆ ಉಳಿದಿತ್ತು. ನಾದಿನಿಯದು.

"ಅಯ್ಯೋ, ಒಳಗೆ ಹೆಣ್ಣಿದ್ದಾಳೆ! ತೆಗೀರಿ!"

"ಎಲ್ಲೋ ಕಕ್ಕಸಿಗೆ ಹೋಗಿರ್ತಾಳೆ, ನಡಿಯೇ," ಎಂದ ಸೂಪರ್‌ವೈಸರ್.

ಅತ್ತಿಗೆ ತಗಡಿಗೆ ಕಿವಿಯಿಟ್ಟಳು. ಕಿವಿ ಸುಟ್ಟಿತು. ಒಳಗಿನಿಂದ ದಬದಬ ಸದ್ದು. ಸೂಪರ್‌ವೈಸರನಿಗೂ ಕೇಳಿಸಿತು. ಅವನು ಗಡಿಯಾರ ನೋಡಿಕೊಂಡ.

"ಸೀಲು ಒಡೆದ್ರೆ ಮತ್ತೆ ತಪಾಸಣೆ, ಮತ್ತೆ ಸಹಿ. ಹಡಗು ತಪ್ಪುತ್ತೆ. ಬಂದರಲ್ಲಿ ಹೆಂಗೂ ತೆಗೆಸ್ತೀನಿ. ಅಷ್ಟರಲ್ಲಿ ಸಾಯಲ್ಲ ಬಿಡು."

"ನಿನ್ನ ತಂಗಿ ಆಗಿದ್ರೆ?"

"ನನ್ನ ತಂಗಿ ನಿಮ್ಮಂಗೆ ಮೂಟೆ ಹೊರೋಕೆ ಬರಲ್ಲ ಕಣೇ!"

ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮನೆಯಲ್ಲಿ ಗಂಡ, ಅತ್ತೆ, ಇಲ್ಲಿ ಇವನು. ಇಷ್ಟು ವರ್ಷ ಅವಳು ಬಾಯಿ ಮುಚ್ಚಿದಾಗಲೆಲ್ಲ ಸೋತಳೆಂದೇ ಎಲ್ಲರೂ ತಿಳಿದಿದ್ದರು. ಅವಳು ನೇರ ಲಾರಿಯ ಮುಂಭಾಗಕ್ಕೆ ನಡೆದಳು. ಡ್ರೈವರ್ ಅವಳ ಮುಖ ನೋಡಿದ, ಸೀಟಿನಡಿಯ ಕಬ್ಬಿಣ ಕತ್ತರಿಸುವ ದೊಡ್ಡ ಕತ್ತರಿಯತ್ತ ಕಣ್ಣು ಹಾಯಿಸಿದ, ಆಮೇಲೆ ಆಚೆ ಮುಖ ತಿರುಗಿಸಿ ಬೀಡಿ ಹಚ್ಚಿಕೊಂಡ.

"ಮುಟ್ಟಿದ್ರೆ ಜೈಲಿಗೆ ಹಾಕಿಸ್ತೀನಿ, ಬೇವರ್ಸಿ!"

ಕತ್ತರಿಯ ಒಂದು ಹಿಡಿಗೆ ಅತ್ತಿಗೆ ಜೋತುಬಿದ್ದಳು, ಇನ್ನೊಂದಕ್ಕೆ ಕಸ ಗುಡಿಸುವ ಮುದುಕಿ. ಸೀಲು ಲಟಕ್ಕನೆ ಮುರಿಯಿತು.

ಬಾಗಿಲು ತೆರೆದು ಅತ್ತಿಗೆ ಮೇಲೆ ಹತ್ತಿದಾಗ ನಾದಿನಿ ಪೆಟ್ಟಿಗೆಗಳ ಮೇಲಿಂದ ಒದ್ದೆ ಬಟ್ಟೆಯಂತೆ ಜಾರಿ ಅವಳ ತೋಳಿಗೆ ಬಿದ್ದಳು. ಮುಖ ಕೆಂಡ, ಗೆಣ್ಣುಗಳಲ್ಲಿ ರಕ್ತ. ನೀರು ಕುಡಿದು, ಉಸಿರು ಸಿಕ್ಕ ಮೇಲೆ, "ಯಾವನೇ ಅವನು ಬಾಗಿಲು ಹಾಕ್ದೋನು, ಸೂಳೆಮಗ," ಎಂದಳು.

ಸೂಪರ್‌ವೈಸರ್ ಆಗಲೇ ಫೋನು ಕಿವಿಗಿಟ್ಟಿದ್ದ. "ಹೂಂ ಸಾರ್, ಏನಿಲ್ಲ ಸಾರ್, ಹೊಸ ಸೀಲು ಹಾಕಿ ಈಗ್ಲೇ ಕಳಿಸ್ತೀನಿ." ಇವರತ್ತ ತಿರುಗಿ, "ಇಳೀರೇ ಕೆಳಗೆ!"

ಅತ್ತಿಗೆ ಇಳಿಯಲಿಲ್ಲ. ಕಂಟೇನರಿನ ಹೊಸ್ತಿಲ ಮೇಲೆ ಕಾಲು ಇಳಿಬಿಟ್ಟು ಕುಳಿತಳು. ಮುದುಕಿ ಪೊರಕೆಯ ಸಮೇತ ಹತ್ತಿದಳು. ಪಕ್ಕದ ಲಾರಿಯ ಹೆಂಗಸರು ಪೆಟ್ಟಿಗೆಗಳನ್ನು ಅಲ್ಲಲ್ಲೇ ಬಿಟ್ಟು ಬಂದು ಹತ್ತಿದರು. ಬಾಗಿಲಿನ ಅಗಲ ತುಂಬಿತು.

"ಹಾಕಪ್ಪಾ ಸೀಲು," ಎಂದಳು ಅತ್ತಿಗೆ. "ನಿಮ್ಮ ಸಾರ್‌ಗೂ ಹೇಳು, ಒಳಗೆ ಏನು ಮಾಲಿದೆ ಅಂತ."

ಡ್ರೈವರ್ ಇಂಜಿನ್ ಆರಿಸಿದ.